ಕರುಣಾಕರನ ಕುಡಿತ

ಕುಡಿತ ಬಿಡಿಸುವ ಮೀಟಿಂಗು ಎಲ್ಲಿ ನಡೆಯುತ್ತದೆ ಎಂದು ಕೇಳಲು ಕುಶಲಾ ಫೋನು ಮಾಡಿದ್ದು ಜೂನ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ, ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು. ಕಟಪಾಡಿ ಜಂಕ್ಷನ್ನಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಅವಳ ಟೈಲರಿಂಗ್ ಅಂಗಡಿ. ಹದಿನೆಂಟು ವರ್ಷದಿಂದ ಆ ಕಡೆಯ ಹೆಂಗಸರ ರವಿಕೆಯ ಅಳತೆಗಳೆಲ್ಲ ಅವಳ ಪುಸ್ತಕದಲ್ಲಿದ್ದವು. ನಂಬರು ಸಿಕ್ಕಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ, ಹೊಟ್ಟೆಯ ಸ್ಕ್ಯಾನಿಂಗಿಗೆ ಕಾದು ಕೂತಿದ್ದಾಗ, ಎದುರಿನ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯಲ್ಲಿ. ಮಗಳು ಯಶ್ಮಿತಾ ಚೀಟಿ ಮಾಡಿಸಲು ಹೋದ ಹೊತ್ತು ನೋಡಿ ಅದನ್ನು ಅಂಗೈಯಲ್ಲಿ ಬರೆದುಕೊಂಡವಳು ಮನೆ ಮುಟ್ಟುವವರೆಗೆ ಮುಷ್ಟಿ ಬಿಚ್ಚಿರಲಿಲ್ಲ.

ಫೋನು ಎತ್ತಿದವರು ತಮ್ಮ ಹೆಸರು ರೊಸಾರಿಯೊ ಎಂದರು. ತಾನೂ ಕುಡಿದು ಹಾಳಾಗಿ ಹದಿನಾರು ವರ್ಷದ ಹಿಂದೆ ಬಿಟ್ಟವನು, ಸಂಕೋಚ ಬೇಡ ಎಂದರು. ಸ್ವರ ಮೆತ್ತಗಿತ್ತು. ಹೇಗೆ ಶುರುಮಾಡುವುದೆಂದು ಕುಶಲಾ ಯೋಚಿಸುತ್ತಿರುವಾಗ ಅವರೇ ಕೇಳಿದರು.

"ಗಂಡನಿಗೆ ಎಷ್ಟು ವರ್ಷ ಮೇಡಂ?"

"ಐವತ್ತನಾಲ್ಕು," ಎಂದಳು ಕುಶಲಾ.

ಕೇಳಿದ್ದಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು. ಕರುಣಾಕರನಿಗೆ ಐವತ್ತನಾಲ್ಕು ವರ್ಷ. ಆದರೆ ಮಸ್ಕತ್ತಿನ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಕರುಣಾಕರ ಕುಡಿಯುವವನಲ್ಲ. ಮದುವೆಯಾದ ಹೊಸದರಲ್ಲಿ ಭಾವಂದಿರ ಒತ್ತಾಯಕ್ಕೆ ಅರ್ಧ ಗ್ಲಾಸು ಬಿಯರು ಕುಡಿದು ಅಂಗಳದಲ್ಲೇ ವಾಂತಿ ಮಾಡಿಕೊಂಡವನು, ಆಮೇಲೆ ಆ ಕಡೆ ತಲೆಹಾಕಲಿಲ್ಲ. ರಜೆಗೆ ಬರುವಾಗ ಏರ್‌ಪೋರ್ಟಿನಿಂದ ಎರಡು ಬಾಟಲಿ ತರುತ್ತಿದ್ದದ್ದು ನಿಜ. ಅದು ಮನೆ ಕಟ್ಟಿದ ಕಂಟ್ರಾಕ್ಟರನಿಗೆ, ಕರೆಂಟಿನವರಿಗೆ, ಪಂಚಾಯತಿನಲ್ಲಿ ಕೆಲಸ ಮಾಡಿಕೊಟ್ಟವರಿಗೆ ಕೊಡಲಿಕ್ಕೆ. ಕೊಟ್ಟು ಉಳಿದದ್ದು ಕಪಾಟಿನಲ್ಲಿ ಸೀರೆಗಳ ಹಿಂದೆ ಇರುತ್ತಿತ್ತು.

ಕುಡಿಯುತ್ತಿದ್ದದ್ದು ಕುಶಲಾ.

ನಾಲ್ಕು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ ಮೇಲೆ ಸೊಂಟ ಮುರಿದು ಬೀಳುವ ಹಾಗೆ ನೋಯುತ್ತಿತ್ತು. ಬಾಣಂತಿಯರಿಗೆ ಕೊಡುವುದಿಲ್ಲವಾ, ಬಿಸಿನೀರಿಗೆ ಎರಡು ಚಮಚ ಬ್ರಾಂದಿ ಹಾಕಿ ಕುಡಿ ಎಂದು ದೊಡ್ಡಮ್ಮ ಹೇಳಿದ್ದರು. ಎರಡು ಚಮಚಕ್ಕೆ ನೋವು ಹೋಯಿತು, ನಿದ್ದೆ ಬಂತು. ಚಮಚ ಲೋಟವಾಗಲು ಒಂದು ಮಳೆಗಾಲ ಸಾಕಾಯಿತು. ಕಪಾಟಿನ ಬಾಟಲಿಗಳು ಮುಗಿದ ಮೇಲೆ, ದೈವಕ್ಕೆ ಎಡೆ ಬಡಿಸುವ ಅಗೆಲು ಹರಕೆ ಉಂಟು, ದೈವದ ಎದುರು ಬಾಟಲಿ ಇಡಲಿಕ್ಕೆ ಬೇಕಿತ್ತು ಎಂದು ಪರಿಚಯದ ರಿಕ್ಷಾದವನ ಕೈಯಲ್ಲಿ ತರಿಸಿದಳು. ಹರಕೆಗೆ ಎಂದರೆ ಯಾರೂ ಮೂಗು ಮುರಿಯುವುದಿಲ್ಲ. ಆದರೆ ತಿಂಗಳಿಗೆ ನಾಲ್ಕು ಹರಕೆ ಯಾರ ಮನೆಯಲ್ಲಿಯೂ ಇರುವುದಿಲ್ಲವಲ್ಲ. ಒಮ್ಮೆ ಕಾಪುವಿನ ರಿಕ್ಷಾ, ಒಮ್ಮೆ ಉಡುಪಿಯ ರಿಕ್ಷಾ, ಹೀಗೆ ಹಂಚಿ ಹಂಚಿ ಹರಕೆ ಹೇಳಿದಳು. ದೈವದ ಹೆಸರು ಹೇಳಿ ತಂದದ್ದನ್ನು ತಾನು ಕುಡಿಯುವಾಗ ಮೊದಮೊದಲು ಕೈ ಮುಗಿಯುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಸ್ಕ್ಯಾನಿಂಗಿನ ವರದಿ ನೋಡಿದ ಡಾಕ್ಟರು, ಚಿಕ್ಕ ಪ್ರಾಯದವನು, ಲಿವರಿನಲ್ಲಿ ಕೊಬ್ಬು ಉಂಟು, ಎಣ್ಣೆ ತಿಂಡಿ ಕಡಿಮೆ ಮಾಡಿ ಎಂದ. ಕುಡಿತದ ವಿಷಯ ಕೇಳಲೇ ಇಲ್ಲ. ಕುಂಕುಮ ಇಟ್ಟು ಮಲ್ಲಿಗೆ ಮುಡಿದ ಐವತ್ತರ ಹೆಂಗಸಿನ ಹತ್ತಿರ ಅದನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ.

ರೊಸಾರಿಯೊ ಫೋನಿನಲ್ಲಿ ಊರುಗಳ ಹೆಸರು, ವಾರ, ಹೊತ್ತು ಎಲ್ಲ ಹೇಳಿದರು. ಮೊದಲು ಹೋದದ್ದು ಹತ್ತಿರದ ಕಾಪುವಿಗೆ. ದೀಪಸ್ತಂಭದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಸಣ್ಣ ಹಾಲ್. ಅವಳು ಗೇಟಿನ ಹತ್ತಿರ ಬರುವಾಗ ಒಳಗೆ ಹೋಗುತ್ತಿದ್ದವನು ಅವಳ ಅಂಗಡಿಗೆ ವೈರಿಂಗ್ ಮಾಡಿದ ಮನುಷ್ಯ. ಮೀನು ಕೊಳ್ಳಲು ಬಂದವಳ ಹಾಗೆ ಮುಖ ತಿರುಗಿಸಿ ಕಡಲಿನವರೆಗೂ ನಡೆದು, ಅರ್ಧ ಗಂಟೆ ಅಲ್ಲಿ ನಿಂತು ವಾಪಸು ಬಂದಳು. ಮುಂದಿನ ವಾರ ಮಣಿಪಾಲ. ಎರಡನೇ ಮಾಳಿಗೆಯ ಕೋಣೆಯಲ್ಲಿ ಎಲ್ಲ ಕಾಲೇಜಿನ ಮಕ್ಕಳು, ಇಂಗ್ಲಿಷಿನಲ್ಲಿ ಮಾತು. ಅಲ್ಲಿ ಒಬ್ಬಳು ಹುಡುಗಿಯೂ ಇದ್ದಳು. ಅವಳನ್ನು ನೋಡಿ ಕುಶಲಾಳಿಗೆ ಒಂದು ಕ್ಷಣ ಧೈರ್ಯ ಬಂತು. ಅದೇ ಹುಡುಗಿ ಎದ್ದು ಬಂದು, ಆಂಟಿ ಯಾರನ್ನು ಹುಡುಕುವುದು, ಮಗನನ್ನಾ ಎಂದು ಕೇಳಿದಾಗ ಆ ಧೈರ್ಯ ಹೋಯಿತು. ಮಾಳಿಗೆ ತಪ್ಪಿತು ಎಂದು ಹೇಳಿ ಇಳಿದಳು. ಉಡುಪಿಯ ಜಾಗ ನಾದಿನಿಯ ಮನೆಗೆ ಕೂಗಿದರೆ ಕೇಳುವಷ್ಟು ಹತ್ತಿರ. ಹಾಗೆ ಕೊನೆಗೆ ಉಳಿದದ್ದು ಕಾರ್ಕಳ. ಶನಿವಾರ ಸಾಯಂಕಾಲ ನಾಲ್ಕು ಗಂಟೆ.

ಕಾರ್ಕಳದಲ್ಲಿ ಅವಳಿಗೆ ನೆಂಟರಿಲ್ಲ, ಗಿರಾಕಿಗಳಿಲ್ಲ. ಪೇಟೆಯಿಂದ ಸ್ವಲ್ಪ ಆಚೆ ಒಂದು ಹಳೆಯ ಶಾಲೆಯ ಕಟ್ಟಡ, ಈಗ ಶಾಲೆ ಇಲ್ಲ. ಜಗಲಿಯಲ್ಲಿ ಅರುವತ್ತು ದಾಟಿದ ಒಬ್ಬ ಹೆಂಗಸು ದೊಡ್ಡ ಪಾತ್ರೆಯಿಂದ ಚಹಾ ಬಗ್ಗಿಸುತ್ತಿದ್ದಳು. ಅವಳು ತೆರೆಸಾ. ಗಂಡ ಕುಡಿದೇ ಸತ್ತು ಹನ್ನೊಂದು ವರ್ಷವಾಗಿತ್ತು. ಆದರೂ ಪ್ರತಿ ಶನಿವಾರ ಬರುತ್ತಿದ್ದಳು. ಕುಶಲಾ ಮೆಟ್ಟಿಲು ಹತ್ತುತ್ತಿದ್ದ ಹಾಗೆ ಚಹಾದ ಲೋಟ ಕೊಟ್ಟು, "ಗಂಡಸರು ಆ ಕೋಣೆ. ನಮ್ಮದು ಇದು," ಎಂದು ಬಲಗಡೆಯ ಬಾಗಿಲು ತೋರಿಸಿದಳು.

ಎಡಗಡೆಯ ಕೋಣೆಯ ತೆರೆದ ಬಾಗಿಲಿನಿಂದ ಹತ್ತು ಹನ್ನೆರಡು ಗಂಡಸರ ಬೆನ್ನು ಕಾಣುತ್ತಿತ್ತು. ಕುಶಲಾ ಒಂದು ಹೆಜ್ಜೆ ಆ ಕಡೆ ಇಟ್ಟಳು. ಆಮೇಲೆ ಬಲಗಡೆಗೆ ಹೋದಳು.

ಕುಡಿಯುವವರ ಮನೆಯ ಏಳು ಜನ ಹೆಂಗಸರು ವೃತ್ತವಾಗಿ ಕುರ್ಚಿ ಹಾಕಿ ಕೂತಿದ್ದರು. ಇಲ್ಲಿ ಕೇಳಿದ್ದು ಇಲ್ಲಿಯೇ ಬಿಟ್ಟು ಹೋಗಬೇಕು ಎಂಬುದು ಒಂದೇ ನಿಯಮ. ಒಬ್ಬಳ ಗಂಡ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡಿದ್ದ. ಇನ್ನೊಬ್ಬಳ ಗಂಡ ಮಗಳ ಶಾಲೆಯ ಗೇಟಿನಲ್ಲಿ ಮಲಗಿದ್ದ. ಕುಶಲಾಳ ಸರದಿ ಬಂದಾಗ ಅವಳು ಎದ್ದು ಹೋಗಬಹುದಿತ್ತು. ಹೋಗದೆ ಬಾಯಿ ತೆರೆದಳು, ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ.

ನನ್ನ ಗಂಡ ಹನ್ನೊಂದು ಗಂಟೆಯವರೆಗೆ ತಡೆಯುತ್ತಾರೆ ಎಂದಳು. ಬೆಳಿಗ್ಗೆ ಎದ್ದಾಗ ಇವತ್ತು ಇಲ್ಲ ಅಂತ ದೇವರ ಮುಂದೆ ಹೇಳುತ್ತಾರೆ, ಅದು ಸುಳ್ಳಲ್ಲ, ಆ ಹೊತ್ತಿಗೆ ನಿಜವೇ. ಹನ್ನೊಂದಕ್ಕೆ ಕೈಬೆರಳುಗಳು ಅವರ ಮಾತು ಕೇಳುವುದಿಲ್ಲ. ಸೂಜಿಯ ಕಣ್ಣಿಗೆ ದಾರ ಹೋಗುವುದಿಲ್ಲ. ಬಾಟಲಿ ಮೆಶಿನಿನ ಡ್ರಾಯರಿನಲ್ಲಿ ಇರುತ್ತದೆ. ಒಂದು ಗುಟುಕು ಕುಡಿದ ಕೂಡಲೇ ಮನೆಯೊಳಗೆ ಯಾರೋ ಫ್ಯಾನು ಹಾಕಿದ ಹಾಗೆ ಆಗುತ್ತದೆ. ಆಮೇಲೆ ಲವಂಗ, ಜೀರಿಗೆ, ಕರ್ಪೂರದ ಎಣ್ಣೆ. ಯಾರಾದರೂ ಹತ್ತಿರ ಬಂದು ಮಾತಾಡಿದರೆ ಉಸಿರು ಒಳಗೆ ಎಳೆದುಕೊಂಡೇ ಉತ್ತರ ಕೊಡುತ್ತಾರೆ. ನಾಚಿಕೆ ಎಷ್ಟು ಆಗುತ್ತದೆಂದರೆ, ಆ ನಾಚಿಕೆ ತಡೆಯಲಿಕ್ಕೆ ಮತ್ತೆ ಸ್ವಲ್ಪ ಬೇಕಾಗುತ್ತದೆ.

ಮುಗಿಸುವಾಗ ಇಬ್ಬರು ಅಳುತ್ತಿದ್ದರು. ದವಡೆ ಮುರಿದವನ ಹೆಂಡತಿ ಅವಳ ಕೈ ಹಿಡಿದು, ಗಂಡನ ಮನಸ್ಸನ್ನು ಇಷ್ಟು ಅರ್ಥಮಾಡಿಕೊಂಡವರನ್ನು ನೋಡಿರಲಿಲ್ಲ, ನಿಮ್ಮವರು ಪುಣ್ಯವಂತರು ಎಂದಳು. ತೆರೆಸಾ ಮಾತ್ರ ಲೋಟಗಳನ್ನು ಒಟ್ಟುಮಾಡಿಕೊಂಡು ಹೊರಗೆ ಹೋದಳು.

ಆ ವಾರ ಕುಶಲಾ ಆರು ದಿನ ಕುಡಿಯಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ. ಏಳನೆಯ ದಿನ ಕುಡಿದಳು, ಎಂಟನೆಯ ದಿನ ಕಾರ್ಕಳದ ಬಸ್ಸು ಹತ್ತಿದಳು. ಎರಡು ತಿಂಗಳು ಹೀಗೇ ನಡೆಯಿತು. ಶನಿವಾರಗಳಲ್ಲಿ ಕರುಣಾಕರನ ಬೆನ್ನ ಹಿಂದೆ ನಿಂತು ತನ್ನ ಕಥೆ ಹೇಳಿದಳು. ಅವನು ಮಸ್ಕತ್ತಿನಲ್ಲಿರುವುದನ್ನು ಮಾತ್ರ ಹೇಳಲಿಲ್ಲ. ಅವನನ್ನು ಕುಡಿಸಿದಳು, ಬೀಳಿಸಿದಳು, ಪಶ್ಚಾತ್ತಾಪ ಪಡಿಸಿದಳು. ರಾತ್ರಿ ಅವನು ಮಸ್ಕತ್ತಿನಿಂದ ಫೋನು ಮಾಡಿ ಊಟ ಆಯಿತಾ ಎಂದು ಕೇಳುವಾಗ ಆಯಿತು ಎಂದಷ್ಟೇ ಹೇಳಿ ಬೇಗ ಫೋನು ಇಡುತ್ತಿದ್ದಳು. ಆದರೂ ಬಿಡಲಿಲ್ಲ. ಕುಡಿಯದ ದಿನಗಳು ಸಿಗುತ್ತಿದ್ದದ್ದು ಅಲ್ಲಿಂದ ಮಾತ್ರ.

ಯಶ್ಮಿತಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಪರ್ಕಳದ ರಿತೇಶ್ ಎಂಬ ಹುಡುಗನ ಜೊತೆ ಅವಳ ಮದುವೆ ಮಾತಾಗಿತ್ತು. ಇಬ್ಬರೂ ಒಪ್ಪಿ, ಮನೆಯವರೂ ಒಪ್ಪಿ, ನಿಶ್ಚಯದ ದಿನ ನೋಡುವುದಷ್ಟೇ ಬಾಕಿ. ಹೆಂಗಸರ ಕೋಣೆಯಲ್ಲಿ ಕೂರುತ್ತಿದ್ದವರಲ್ಲಿ ಒಬ್ಬಳು ರಿತೇಶನ ಸೋದರತ್ತೆ. ಅದು ಕುಶಲಾಳಿಗೆ ತಿಳಿದಿರಲಿಲ್ಲ. ಅತ್ತೆಗೂ ಮೊಬೈಲಿನಲ್ಲಿ ಹುಡುಗಿಯ ಮನೆಯವರ ಫೋಟೋ ನೋಡುವವರೆಗೆ ತಿಳಿದಿರಲಿಲ್ಲ. ನಿಯಮ ಮುರಿಯಬಾರದೆಂದು ಅವಳು ಮೂರು ದಿನ ತಡೆದಳಂತೆ. ಕುಡುಕನ ಮನೆಯ ಕಷ್ಟ ಉಂಡವಳು, ಅಣ್ಣನ ಮಗ ಅಂಥ ಮನೆಯ ಅಳಿಯನಾಗುವುದನ್ನು ನೋಡಿಕೊಂಡು ಎಷ್ಟು ದಿನ ಸುಮ್ಮನಿದ್ದಾಳು. ನಾಲ್ಕನೆಯ ದಿನ ಹೇಳಿದಳು.

ಸುದ್ದಿ ಮಧ್ಯಸ್ಥಿಕೆಯವರ ಮೂಲಕ ಬಂತು. ಹುಡುಗಿಯ ತಂದೆಗೆ ವಿಪರೀತ ಕುಡಿತವಂತೆ, ತಾಯಿ ಪಾಪ ಕಾರ್ಕಳದವರೆಗೆ ಹೋಗಿ ಅಳುತ್ತಾಳಂತೆ. ಯಶ್ಮಿತಾ ಕೆಂಡವಾದಳು. ಅಪ್ಪನ ಹೆಸರು ಕೆಡಿಸಿದವರು ಯಾರೆಂದು ತಿಳಿಯದೆ ಬಿಡುವುದಿಲ್ಲ ಎಂದು ಅಂದೇ ಮಸ್ಕತ್ತಿಗೆ ಫೋನು ಮಾಡಿದಳು. ಕುಶಲಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು.

ಕರುಣಾಕರ ಎರಡು ವರ್ಷದ ರಜೆಯನ್ನು ಒಟ್ಟುಮಾಡಿಕೊಂಡು ಹತ್ತು ದಿನದಲ್ಲಿ ಬಂದ. ಮಗಳು ಡ್ಯೂಟಿಗೆ ಹೋದ ಮೇಲೆ ಅಂಗಡಿಗೆ ಬಂದು ಗಿರಾಕಿಗಳು ಕೂರುವ ಸ್ಟೂಲಿನಲ್ಲಿ ಕೂತ. ಅವನು ಸ್ವರ ಏರಿಸುವ ಮನುಷ್ಯನಲ್ಲ.

"ಕಾರ್ಕಳಕ್ಕೆ ಹೋಗುವುದು ಹೌದಾ?"

"ಹೌದು."

"ನಾನು ಕುಡಿಯುವುದು ಅಂತ ಹೇಳಿದ್ದು ನೀನಾ?"

ಕುಶಲಾ ಮೆಶಿನಿನ ಡ್ರಾಯರು ಎಳೆದು, ಬಾಬಿನ್ ಡಬ್ಬಿಯ ಹಿಂದೆ ಇದ್ದ ಬಾಟಲಿಯನ್ನು ತೆಗೆದು ಕತ್ತರಿಯ ಪಕ್ಕ ಇಟ್ಟಳು. ಮುಕ್ಕಾಲು ಖಾಲಿ. ಕರುಣಾಕರ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಶಟರು ಪೂರ್ತಿ ಎಳೆದ. ಬಯ್ಯಲಿಲ್ಲ, ಹೊಡೆಯಲಿಲ್ಲ. ಎಷ್ಟು ಸಮಯದಿಂದ ಎಂದು ಮಾತ್ರ ಕೇಳಿದ. ನಾಲ್ಕು ವರ್ಷ ಎಂದಾಗ, ಆ ನಾಲ್ಕು ವರ್ಷದಲ್ಲಿ ತಾನು ಎಷ್ಟು ಸಲ ಬಂದು ಹೋದೆ ಎಂದು ಲೆಕ್ಕ ಹಾಕುವವನ ಹಾಗೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ.

ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ತೀರ್ಮಾನ ಹೇಳಿದ.

"ಗಂಡಸು ಕುಡಿದ, ಮತ್ತೆ ಬಿಟ್ಟ ಅಂದರೆ ಊರು ಮೆಚ್ಚುತ್ತದೆ. ಹೆಂಗಸು ಕುಡಿದಳು ಅಂದರೆ ಬಿಟ್ಟಳಾ ಅಂತ ಸಹ ಯಾರೂ ಕೇಳುವುದಿಲ್ಲ. ಮಗಳ ಜೀವನ ಉಂಟು. ಕುಡಿದದ್ದು ನಾನೇ ಅಂತ ಇರಲಿ. ನೀನು ಇನ್ನು ಮುಟ್ಟಬಾರದು, ಅಷ್ಟೇ."

ಕುಶಲಾ ಅತ್ತಳು. ಅವನು ದೊಡ್ಡವನು ಎಂದು ಆ ಕ್ಷಣ ಅನಿಸಿತು. ಅವನ ಕಾಲಿನ ಹತ್ತಿರ ಕೂತುಕೊಂಡಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟು, ಹೇಗಾಗುತ್ತದೆ ಅಂತ ಸ್ವಲ್ಪ ಹೇಳು ಎಂದ.

ಅವಳು ಎಲ್ಲ ಹೇಳಿದಳು. ಕಾರ್ಕಳದಲ್ಲಿ ಅವನ ಹೆಸರಿನಲ್ಲಿ ಹೇಳಿದ್ದನ್ನೆಲ್ಲ ಈಗ ತನ್ನ ಹೆಸರಿನಲ್ಲಿ, ಕೈ ನಡುಗುವುದು, ಬೆಳಗಿನ ಪ್ರತಿಜ್ಞೆ, ಲವಂಗ, ನಾಚಿಕೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ಅವನ ಜೊತೆ ಅವಳು ಮಾತಾಡಿದ್ದಿಲ್ಲ. ಅವನೂ ಗಮನವಿಟ್ಟು ಕೇಳಿದ. ಮಧ್ಯೆ ಮಧ್ಯೆ, ನಡುಕ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಬಿಟ್ಟ ಮೇಲೆ ಎಷ್ಟು ದಿನ ನಿದ್ದೆ ಬರುವುದಿಲ್ಲ ಎಂದು ಕೇಳಿದ. ಅವಳು ಮುಗಿಸಿದಾಗ, "ಸಾಕು. ಯಾರಾದರೂ ಕೇಳಿದರೆ ಹೇಳಲಿಕ್ಕೆ ಬೇಕಲ್ಲ," ಎಂದು ಎದ್ದ.

ಅವನು ಕೇಳುತ್ತಿದ್ದದ್ದು ಅದಕ್ಕೆ ಎಂದು ಕುಶಲಾಳಿಗೆ ಆಗ ತಿಳಿಯಿತು.

ಮರುದಿನ ಕರುಣಾಕರ ಪರ್ಕಳಕ್ಕೆ ಹೋಗಿ ರಿತೇಶನ ತಂದೆಯ ಎದುರು ಕೂತು, ಕೇಳಿದ್ದು ನಿಜ, ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದ. ಅವರು ಅವನ ಬೆನ್ನು ತಟ್ಟಿ, ಒಪ್ಪಿಕೊಳ್ಳಲಿಕ್ಕೂ ಗಂಡಸುತನ ಬೇಕು ಮಾರಾಯರೇ ಎಂದರು. ಯಶ್ಮಿತಾ ಮಾತ್ರ ಆ ರಾತ್ರಿ ಅಪ್ಪನಿಗೆ ಬಾಯಿಗೆ ಬಂದದ್ದೆಲ್ಲ ಹೇಳಿ, ಹದಿನೈದು ದಿನ ಮಾತು ಬಿಟ್ಟಳು. ಅಪ್ಪ ಬಡಿಸಿಕೊಂಡು ಉಂಡು, ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ. ಕುಶಲಾ ಅದನ್ನೆಲ್ಲ ಬಾಗಿಲಿನಲ್ಲಿ ನಿಂತು ನೋಡಿದಳು, ಕೇಳಿದಳು.

ನಂಬಿಕೆ ಬರಲೆಂದು ಅವನು ಮೂರು ಶನಿವಾರ ಕಾರ್ಕಳಕ್ಕೂ ಬಂದ. ಗಂಡ ಎಡಗಡೆಯ ಕೋಣೆಗೆ, ಹೆಂಡತಿ ಬಲಗಡೆಯ ಕೋಣೆಗೆ. ತೆಳ್ಳಗಿನ ಗೋಡೆಯಾದ್ದರಿಂದ ಅವನ ಸ್ವರ ಕೇಳುತ್ತಿತ್ತು. ಹನ್ನೊಂದು ಗಂಟೆಯವರೆಗೆ ತಡೆಯುತ್ತಿದ್ದೆ ಎಂದು ಅವನು ಹೇಳುವುದನ್ನು, ಅವಳ ಮಾತುಗಳನ್ನೇ ಅವಳಿಗಿಂತ ಚೆನ್ನಾಗಿ ಹೇಳುವುದನ್ನು ಕುಶಲಾ ಗೋಡೆಯ ಈಚೆ ಕೂತು ಕೇಳಿದಳು. ಮುಗಿದಾಗ ಚಪ್ಪಾಳೆ ಬಿತ್ತು. ಮೂರನೆಯ ವಾರ ಹಿಂದೆ ಬರುವಾಗ ಬಸ್ಸಿನಲ್ಲಿ ಅವನು, ಇನ್ನು ಸಾಕು, ಇಬ್ಬರೂ ಹೋಗುವುದು ಬೇಡ ಎಂದ. ನನಗೆ ಅಲ್ಲಿ ಸ್ವಲ್ಪ ಸಮಾಧಾನ ಆಗುತ್ತದೆ ಎಂದಳು ಕುಶಲಾ. ಗಂಡ ಬಿಟ್ಟ ಮೇಲೆ ಹೆಂಡತಿ ಯಾಕೆ ಹೋಗುವುದು ಅಂತ ಜನ ಕೇಳುವುದಿಲ್ಲವಾ ಎಂದು ಅವನು ಕೇಳಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮದುವೆ ನವೆಂಬರಿನಲ್ಲಿ ಚೆನ್ನಾಗಿಯೇ ಆಯಿತು. ಧಾರೆ ಎರೆಯುವಾಗ ಕುಶಲಾಳ ಕೈ ನಡುಗಿತು. ಮಗಳನ್ನು ಕಳಿಸಿಕೊಡುವ ತಾಯಿ ಎಂದು ಎಲ್ಲರೂ ಮರುಗಿದರು. ಬೆಳಿಗ್ಗೆಯಿಂದ ಅವಳು ಮೂರು ಸಲ ಡ್ರೆಸ್ಸಿಂಗ್ ರೂಮಿಗೆ ಹೋಗಿ ಬಂದಿದ್ದಳು. ಯಶ್ಮಿತಾ ಹೊರಡುವಾಗ ಅಪ್ಪನನ್ನು ತಬ್ಬಿಕೊಂಡು, ನಾನು ಕೋಪ ಮಾಡಬಾರದಿತ್ತು ಎಂದು ಗಟ್ಟಿಯಾಗಿ ಅತ್ತಳು.

ಹತ್ತು ದಿನ ಕಳೆದು ಊರಿನ ಭಜನಾ ಮಂಡಳಿಯ ವಾರ್ಷಿಕೋತ್ಸವ ಬಂತು. ಕುಡಿತ ಬಿಟ್ಟ ಐದಾರು ಜನರನ್ನು ಕರೆದು ಸನ್ಮಾನ ಮಾಡುವುದೆಂದು ಆ ವರ್ಷ ಠರಾವಾಗಿತ್ತು. ಪಟ್ಟಿಯಲ್ಲಿ ಕರುಣಾಕರನ ಹೆಸರು ಮೊದಲು. ಬೇಡ ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಸಾಯಂಕಾಲ ಐದು ಗಂಟೆಗೆ, ಶಾಮಿಯಾನದ ಕೆಳಗೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬಿಳಿ ಅಂಗಿಯಲ್ಲಿ ಅವನು ನಿಜಕ್ಕೂ ಏನನ್ನೋ ಗೆದ್ದವನ ಹಾಗೆ ಕಾಣುತ್ತಿದ್ದ. ಇವರ ಹಿಂದೆ ಸಹನಾಮೂರ್ತಿಯಾಗಿ ನಿಂತ ಧರ್ಮಪತ್ನಿಯೂ ವೇದಿಕೆಗೆ ಬರಬೇಕೆಂದು ಮೈಕಿನಲ್ಲಿ ಕೂಗಿದರು. ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಕುಶಲಾ ಹಿಂದಿನ ಸಾಲಿನಲ್ಲಿ ಲವಂಗ ಜಗಿಯುತ್ತಾ ಕೂತಿದ್ದಳು. ಪಕ್ಕದವರು ದೂಡಿ ಕಳಿಸಿದರು.

ವೇದಿಕೆಯಲ್ಲಿ ಅವಳು ಗಂಡನ ಹತ್ತಿರ ನಿಂತಳು. ಅಧ್ಯಕ್ಷರು ಹೂ ಕೊಡಲು ಇಬ್ಬರ ನಡುವೆ ಬಗ್ಗಿದರು. ಬಗ್ಗಿದವರ ಮುಖದ ನಗು ನಿಂತಿತು. ಮೂಗು ಒಮ್ಮೆ ಅರಳಿತು. ಕುಶಲಾ ಉಸಿರು ಒಳಗೆ ಎಳೆದುಕೊಂಡಳು, ಆದರೆ ತಡವಾಗಿತ್ತು. ಅಧ್ಯಕ್ಷರು ಅವಳ ಕಡೆ ನೋಡಲಿಲ್ಲ. ನೆಟ್ಟಗೆ ಕರುಣಾಕರನ ಮುಖ ನೋಡಿದರು, ಅವನ ಹೆಗಲ ಮೇಲಿದ್ದ ಶಾಲು ನೋಡಿದರು, ಹೂವನ್ನು ಅವನ ಕೈಗೆ ತುರುಕಿ ಹಿಂದೆ ಸರಿದರು.

ಕರುಣಾಕರನಿಗೆ ಅರ್ಥವಾಯಿತು. ಮನೆಗೆ ಬಂದು ಶಾಲನ್ನು ಕುರ್ಚಿಗೆ ಹಾಕಿದ ಮೇಲೆ ಹೇಳಿದ.

"ನಿನಗೋಸ್ಕರ ಕುಡುಕ ಆದೆ. ನಿನಗೆ ಒಂದು ದಿನ ತಡೆಯಲಿಕ್ಕೆ ಆಗಲಿಲ್ಲವಾ?"

ಅವನು ಎಲ್ಲ ಮಾಡಿದ್ದ, ಅವಳು ಹೇಗೆ ಬಿಡಬೇಕು ಎಂಬುದೊಂದನ್ನು ಮಾತ್ರ ಯಾರೂ ಕೇಳಿರಲಿಲ್ಲ ಎಂದು ಹೇಳಬಹುದಿತ್ತು. ಬಾಯಿಯಲ್ಲಿ ಲವಂಗದ ಚೂರು ಇಟ್ಟುಕೊಂಡು ಹಾಗೆ ಹೇಳಲು ಅವಳಿಗೆ ಮುಖವಿರಲಿಲ್ಲ. ಆ ವಾರವೇ ಅವನು ಮಸ್ಕತ್ತಿಗೆ ಹೋದ. ಕರುಣಾಕರ ಮತ್ತೆ ಶುರುಮಾಡಿದ್ದಾನಂತೆ, ಸನ್ಮಾನಕ್ಕೂ ಕುಡಿದೇ ಬಂದಿದ್ದನಂತೆ ಎಂಬ ಮಾತು ಅವನ ವಿಮಾನ ಹಾರುವ ಮೊದಲೇ ಪರ್ಕಳ ಮುಟ್ಟಿತ್ತು. ಯಶ್ಮಿತಾ ಅಪ್ಪನಿಗೆ ಫೋನು ಮಾಡಿ ಏನು ಹೇಳಿದಳೋ ಗೊತ್ತಿಲ್ಲ. ಅವನು ಆ ರಾತ್ರಿ ಮನೆಗೆ ಫೋನು ಮಾಡಲಿಲ್ಲ.

ಮುಂದಿನ ಶನಿವಾರ ಕುಶಲಾ ಕಾರ್ಕಳಕ್ಕೆ ಹೋದಳು. ಹೊತ್ತಿಗೆ ಮುಂಚೆ ಹೋಗಿದ್ದಳು. ತೆರೆಸಾ ಒಬ್ಬಳೇ ನಳ್ಳಿಯ ಹತ್ತಿರ ಲೋಟ ತೊಳೆಯುತ್ತಿದ್ದಳು.

"ತೆರೆಸಾ ಬಾಯಮ್ಮ, ನನ್ನ ಗಂಡ ಕುಡಿಯುವವರಲ್ಲ," ಎಂದಳು ಕುಶಲಾ.

"ಗೊತ್ತುಂಟು," ಎಂದಳು ತೆರೆಸಾ, ತಲೆ ಎತ್ತದೆ. "ಮೊದಲ ದಿನವೇ ಗೊತ್ತಾಗಿದೆ. ಬಾಟಲಿ ಎಲ್ಲಿ ಉಂಟು ಅಂತ ಹೆಂಡತಿಗೆ ಗೊತ್ತಿರ್ತದೆ. ಕುಡಿದ ಮೇಲೆ ಒಳಗೆ ಎಂತ ಆಗ್ತದೆ ಅಂತ ಹೆಂಡತಿಗೆ ಗೊತ್ತಿರುವುದಿಲ್ಲ. ಮತ್ತೆ, ಯಾವ ಗಂಡಸು ಮೆಶಿನಿನ ಡ್ರಾಯರಿನಲ್ಲಿ ಇಡ್ತಾನೆ?"

ಕುಶಲಾಳಿಗೆ ನಾಚಿಕೆಯ ಜಾಗದಲ್ಲಿ ಸಿಟ್ಟು ಬಂತು. ಇಷ್ಟು ತಿಂಗಳು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದರೆ ನೀನು ಬರುವುದು ನಿಲ್ಲಿಸ್ತಿದ್ದಿ. ಬಂದು ಕೂತರೆ ಸಾಕು ಅಂತ ನಾನು ಎಣಿಸಿದೆ." ತೆರೆಸಾ ಲೋಟವನ್ನು ಕವುಚಿ ಇಟ್ಟಳು. "ನಾನು ಎಣಿಸಿದ್ದು ತಪ್ಪಿರಬಹುದು."

ಕುಡಿಯುವ ಹೆಂಗಸರದ್ದೇ ಮೀಟಿಂಗು ಎಲ್ಲಿಯಾದರೂ ಉಂಟಾ ಎಂದು ಕುಶಲಾ ಕೇಳಿದಳು. ತನಗೆ ತಿಳಿದ ಹಾಗೆ ಈ ಕಡೆ ಇಲ್ಲ, ಒಮ್ಮೆ ಶುರುಮಾಡಿದ್ದರು, ಯಾರೂ ಬರಲಿಲ್ಲ ಎಂದಳು ತೆರೆಸಾ. ಆಮೇಲೆ ಕೈ ಒರೆಸಿಕೊಂಡು ಎಡಗಡೆಯ ಬಾಗಿಲಿನವರೆಗೆ ಜೊತೆಗೆ ಬಂದಳು.

ಆ ಕೋಣೆಯ ಮೀಟಿಂಗು ನಡೆಸುತ್ತಿದ್ದವರು ಫೋನಿನ ರೊಸಾರಿಯೊ. ಅವಳನ್ನು ನೋಡಿ, ಮೇಡಂ ನಿಮ್ಮದು ಆಚೆ ಕೋಣೆ ಅಲ್ವಾ ಎಂದರು. ಅಲ್ಲ, ಇದೇ ಎಂದಳು ಕುಶಲಾ. ಬಂದವರನ್ನು ಹಿಂದೆ ಕಳಿಸುವ ಕ್ರಮವಿಲ್ಲ, ಆದರೂ ಒಂದು ಮಾತು ಎಲ್ಲರನ್ನು ಕೇಳುತ್ತೇನೆ ಎಂದರು. ಹೆಂಗಸರ ಎದುರು ನಮಗೆ ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ ಎಂದು ಇಬ್ಬರು ಹೇಳಿದರು. ಉಳಿದವರು ನೆಲ ನೋಡಿದರು. ಕೊನೆಗೆ ಬಾಗಿಲಿನ ಹತ್ತಿರ ಒಂದು ಕುರ್ಚಿ ಹಾಕಿದರು. ಆ ಇಬ್ಬರು ಎದ್ದು ಹೋದರು.

"ನನ್ನ ಹೆಸರು ಕುಶಲಾ. ಕುಡಿಯುವುದು ನಾನು," ಎಂದಳು. ಇನ್ನೂ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಒಬ್ಬ ಕೇಳಿಯೇ ಬಿಟ್ಟ, ಹಾಗಾದರೆ ಮೂರು ವಾರ ಇಲ್ಲಿ ಕೂತು ಹೇಳಿದ್ದು ಯಾರು ಎಂದು. ಅದು ಕೇಳಬಾರದ ಪ್ರಶ್ನೆ ಎಂದು ರೊಸಾರಿಯೊ ಗದರಿಸಿದರು.

"ಅವರು ಕುಡಿದವರಲ್ಲ. ನನಗೋಸ್ಕರ ಹೇಳಿದ್ದು," ಎಂದಳು ಕುಶಲಾ.

ಗಂಡನ ಹೆಸರನ್ನು ತೊಳೆದುಕೊಟ್ಟೆ ಎಂದು ಅವಳು ಅಂದುಕೊಂಡಿದ್ದಳು. ಇಲ್ಲಿ ಕೇಳಿದ್ದು ಇಲ್ಲಿಯೇ ಬಿಡಬೇಕೆಂಬ ನಿಯಮ ಈ ಸಲ ಮೂರು ದಿನವೂ ನಿಲ್ಲಲಿಲ್ಲ. ಕರುಣಾಕರ ಫೋನು ಮಾಡಿ, ಕುಡುಕ ಅನ್ನಿಸಿಕೊಂಡು ಇಲ್ಲಿ ರೂಮಿನಲ್ಲಿ ಜೊತೆಗಿರುವ ಊರಿನವರ ಎದುರು ತಲೆ ಎತ್ತಿಕೊಂಡು ಇದ್ದೆ, ಈಗ ಪಾಪ ಅನ್ನಿಸಿಕೊಂಡು ಇರಬೇಕು ಎಂದ. ಸನ್ಮಾನದ ಫೋಟೋವನ್ನು ಮಂಡಳಿಯವರು ಗ್ರೂಪಿನಿಂದ ತೆಗೆದರು. ಅಂಗಡಿಗೆ ಬರುವ ಹೆಂಗಸರು ಅಳತೆ ಕೊಡುವಾಗ ಅವಳ ಬಾಯಿಯ ಹತ್ತಿರ ಮೂಗು ತಂದು ಹೋಗುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು.

ಯಶ್ಮಿತಾ ಒಂದು ಭಾನುವಾರ ಒಬ್ಬಳೇ ಬಂದು ಜಗಲಿಯಲ್ಲಿ ಕೂತಳು. ಒಳಗೆ ಬರಲಿಲ್ಲ.

"ನನಗೆ ವಾಸನೆ ಬರ್ತಿತ್ತು ಅಮ್ಮ. ಕಷಾಯ ಅಂತ ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಳ್ಳುವುದು ಸುಲಭ ಇತ್ತು." ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಮತ್ತೆ ಹೇಳಿದಳು. "ಅಪ್ಪನ ಹತ್ತಿರ ನಾನು ಎಂತೆಂಥ ಮಾತು ಆಡಿದ್ದೇನೆ, ನೀನು ಬಾಗಿಲಲ್ಲಿ ನಿಂತು ಕೇಳಿದ್ದೀ."

ಹೌದು ಎಂದಳು ಕುಶಲಾ. ಬೇರೆ ಏನು ಹೇಳಿದರೂ ಅದು ಲವಂಗ ಜಗಿದ ಹಾಗೆ ಆಗುತ್ತಿತ್ತು.

ಅವಳು ಕುಡಿತ ಬಿಟ್ಟದ್ದು ಆ ಚಳಿಗಾಲದಲ್ಲಿ. ಸುಲಭವಾಗಿ ಬಿಟ್ಟಳೆಂದಲ್ಲ. ಜನವರಿಯಲ್ಲಿ ಎರಡು ಸಲ ಬಿದ್ದಳು. ಎರಡನೆಯ ಸಲ ತೆರೆಸಾ ಬಸ್ಸು ಹತ್ತಿ ಕಟಪಾಡಿಗೆ ಬಂದು, ಮೂರು ದಿನ ಮನೆಯಲ್ಲಿಯೇ ಉಳಿದು, ಗಂಜಿ ಮಾಡಿ ಕೊಟ್ಟಳು. ಬೈದಳು ಸಹ. ಆಮೇಲೆ ಶನಿವಾರ ತಪ್ಪಲಿಲ್ಲ. ಬಾಗಿಲಿನ ಹತ್ತಿರದ ಕುರ್ಚಿ ಅವಳದೇ ಆಯಿತು. ಎದ್ದು ಹೋದ ಇಬ್ಬರಲ್ಲಿ ಒಬ್ಬ ಮಾರ್ಚಿನಲ್ಲಿ ವಾಪಸು ಬಂದ. ಇನ್ನೊಬ್ಬ ಮತ್ತೆ ಕುಡಿಯಲು ಶುರುಮಾಡಿದ್ದಾನೆಂದೂ ಅದಕ್ಕೆ ಕಾರಣ ಕುಶಲಾ ಎಂದೂ ಅವನ ಹೆಂಡತಿ ಬಲಗಡೆಯ ಕೋಣೆಯಲ್ಲಿ ಹೇಳಿಕೊಂಡು ಅತ್ತಳು. ಗೋಡೆ ತೆಳ್ಳಗಿನದು, ಎಲ್ಲವೂ ಕೇಳಿಸಿತು.

ಜುಲೈಯಲ್ಲಿ ಯಶ್ಮಿತಾಳಿಗೆ ಏಳು ತಿಂಗಳಾಯಿತು. ಪರ್ಕಳದ ಮನೆಯಲ್ಲಿ ಬಯಕೆಯ ಶಾಸ್ತ್ರ ಇಟ್ಟುಕೊಂಡರು, ತಾಯಿ ಮಗಳಿಗೆ ಹಸುರು ಸೀರೆ ಉಡಿಸಿ ಹೂ ಮುಡಿಸುವ ಶಾಸ್ತ್ರ. ಕುಶಲಾ ಸೀರೆ ತಂದು, ಹೊಟ್ಟೆಯ ಅಳತೆ ಅಂದಾಜು ಮಾಡಿ ರವಿಕೆ ಹೊಲಿದಳು. ಕೈ ನಡುಗದೆ ಹೊಲಿದ ರವಿಕೆ. ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ ಯಶ್ಮಿತಾಳ ಫೋನು ಬಂತು.

"ಇವರ ಮನೆಯವರು ಏನೂ ಹೇಳಲಿಲ್ಲ ಅಮ್ಮ. ನಾನೇ ಹೇಳುವುದು. ಎಲ್ಲರೂ ಬರ್ತಾರೆ, ಎಲ್ಲರೂ ನಿನ್ನನ್ನೇ ನೋಡ್ತಾರೆ. ಉಡುಪಿಯ ಅತ್ತೆಯ ಕೈಯಲ್ಲಿ ಸೀರೆ ಕಳಿಸು."

ಧಾರೆಯ ದಿನ ನಾನು ಕುಡಿದಿದ್ದೆ, ಈಗ ಆರು ತಿಂಗಳಾಯಿತು ಎಂಬ ಮಾತು ಕುಶಲಾಳ ನಾಲಿಗೆಯ ತುದಿಗೆ ಬಂತು. ಆದರೆ ಆಗಲಿ ಎಂದಳು. ನಾದಿನಿ ಶುಕ್ರವಾರ ಬಂದು, ಒಳಗೆ ಬಾರದೆ, ಗೇಟಿನಲ್ಲೇ ಸೀರೆಯ ಕಟ್ಟು ತೆಗೆದುಕೊಂಡು ಹೋದಳು.

ಶಾಸ್ತ್ರ ಶನಿವಾರವೇ ಬಿದ್ದಿತ್ತು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ಪರ್ಕಳದ ಮೇಲೆಯೇ ಹೋಗುತ್ತದೆ. ಮಳೆಗೆ ಕಿಟಕಿಯ ಪರದೆ ಇಳಿಸಿದ್ದರು. ಎತ್ತಿ ನೋಡಬೇಕೆಂದು ಅವಳಿಗೆ ಅನಿಸಿತು, ನೋಡಲಿಲ್ಲ.

ಮೀಟಿಂಗಿನಲ್ಲಿ ಒಂಬತ್ತು ಜನರಿದ್ದರು. ಸರದಿ ಬಂದಾಗ ಕುಶಲಾ ಎದ್ದು ನಿಂತಳು.

"ನನ್ನ ಹೆಸರು ಕುಶಲಾ. ಇವತ್ತು ನನ್ನ ಮಗಳ ಬಯಕೆ. ನನ್ನನ್ನು ಕರೆದಿಲ್ಲ. ಕುಡಿಯಬೇಕು ಅಂತ ಬೆಳಿಗ್ಗೆಯಿಂದ ಆಗ್ತಾ ಉಂಟು. ಕುಡಿಯಲಿಲ್ಲ."

ಅಷ್ಟು ಹೇಳಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ರೊಸಾರಿಯೊ ತಲೆಯಾಡಿಸಿದರು, ಪಕ್ಕದ ಕುರ್ಚಿಯವನು ತನ್ನ ಹೆಸರು ಹೇಳಲು ಎದ್ದ.